ಯಡಿಯೂರಿನ ಬೈರಣ್ಣ ಮುದ್ದೆ ಇಳಿಸಿದ್ದು

ನಮ್ಮ ದೊಡ್ಡಪ್ಪ ಬೈರಣ್ಣನನ್ನು ನಾನು ಅವರು ಇವರು ಅಂತ ಬರೆಯುವುದಿಲ್ಲ. ಬದುಕಿದ್ದಾಗ ಎದುರಿಗೆ ಮರ್ಯಾದೆ ಕೊಟ್ಟಿದ್ದೇನೆ, ಅಷ್ಟು ಸಾಕು.

ಅವನ ಹೊಲ ಇದ್ದದ್ದು ಯಡಿಯೂರು ಕೆರೆಯ ಪಕ್ಕ. ಜಯನಗರ ಬಡಾವಣೆಗೆ ಅದು ಹೋದ ಮೇಲೆ, ಬಂದ ಪರಿಹಾರದ ದುಡ್ಡಲ್ಲಿ ಸಾಲಾಗಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟ. ಅವತ್ತಿನಿಂದ ಜಗುಲಿಯ ಮೇಲೆ ಕೂರುವುದೇ ಅವನ ಕಸುಬು. ಕೈ ನೇಗಿಲು ಬಿಟ್ಟಿತು, ಹೊಟ್ಟೆ ಬಿಡಲಿಲ್ಲ. ಹೊತ್ತಾರೆ ಎರಡು ಮುದ್ದೆ, ಮಧ್ಯಾಹ್ನ ಎರಡು, ರಾತ್ರಿ ಎರಡು. ನಡುನಡುವೆ ಹೋಟೆಲಿಗೆ ಹೋಗಿ ಬೆಣ್ಣೆ ಹಾಕಿಸಿಕೊಂಡು ದೋಸೆ. ಬಾಡಿಗೆಯವರು ಹಿಂದಿನಿಂದ ಅವನನ್ನು ಕಣಜ ಅಂತ ಕರೆಯುತ್ತಿದ್ದರು. ನಮ್ಮ ದೊಡ್ಡಮ್ಮ ಸೊಣ್ಣಮ್ಮನಿಗೆ ಅದು ಕೇಳಿಸುತ್ತಿತ್ತು, ಆದರೆ ಅವಳು ಯಾರನ್ನೂ ಗದರಿಸಲಿಲ್ಲ.

ಅರವತ್ತೊಂದನೇ ಇಸವಿಯಲ್ಲಿ ಅವನ ಮಗಳ ಮದುವೆ. ಧಾರೆ ಎರೆಯಲು ಮಣೆಯ ಮೇಲೆ ಕೂತವನಿಗೆ ಏಳುವುದಕ್ಕೆ ಆಗಲಿಲ್ಲ. ಮಂಡಿ ಹಿಡಿದುಕೊಂಡಿತು. ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಬೇಕಾಯಿತು. ಗಂಡಿನ ಕಡೆಯವರು ನಕ್ಕರು. ಮಗಳನ್ನು ಕಳಿಸಿಕೊಡುವಾಗ ಅಳದವನು ಆ ನಗು ನೆನೆಸಿಕೊಂಡು ಸಂಜೆ ಕಣ್ಣೊರೆಸಿಕೊಂಡ.

ಮಾರನೇ ವಾರ ಜಯನಗರದಲ್ಲಿ ಡಾಕ್ಟರ್ ಅನಂತಪದ್ಮನಾಭ ಅವರ ಹತ್ತಿರ ಹೋದ. ಜೊತೆಗೆ ದೊಡ್ಡಮ್ಮನೂ ಇದ್ದಳು. ತೂಕ ಇನ್ನೂರ ಹತ್ತು ಪೌಂಡು ಬಂತು.

"ಹೊಲ ಉಳುವಾಗ ನಿಮಗೆ ದಿನಕ್ಕೆ ಮೂರೂವರೆ ಸಾವಿರ ಕ್ಯಾಲೊರಿ ಖರ್ಚಾಗ್ತಿತ್ತು," ಅಂದರು ಡಾಕ್ಟರು.

"ಅದೇನು ಸ್ವಾಮಿ, ಕ್ಯಾಲೊರಿ ಅಂದ್ರೆ?"

"ಊಟದಿಂದ ಮೈಗೆ ಸಿಗೋ ಶಾಖದ ಅಳತೆ. ಒಲೆಗೆ ಸೌದೆ ಇದ್ದ ಹಾಗೆ. ಈಗ ಕೂತಿರೋದಕ್ಕೆ ಎರಡು ಸಾವಿರದ ಮುನ್ನೂರು ಸಾಕು. ನೀವು ಮಾತ್ರ ಹಳೇ ಲೆಕ್ಕದಲ್ಲೇ ಉಣ್ತಾ ಇದೀರಿ. ಮಿಕ್ಕಿದ್ದು ಹೊಟ್ಟೆ ಸೇರ್ತಿದೆ. ಸಾವಿರದ ಎಂಟುನೂರಕ್ಕೆ ಇಳಿಸಿ. ವಾರಕ್ಕೆ ಒಂದು ಪೌಂಡು ಹೋದರೆ ಸಾಕು. ಅದಕ್ಕಿಂತ ಆತುರ ಬೇಡ."

ಹಾಗಂದರೆ ಎಷ್ಟು ಮುದ್ದೆ ಅಂತ ದೊಡ್ಡಮ್ಮ ಕೇಳಿದಳು. ಅರ್ಧ ಪಾವು ಹಿಟ್ಟಿನ ಒಂದು ಮುದ್ದೆಗೆ ಮುನ್ನೂರೈವತ್ತರ ಸುಮಾರು, ದಿನಕ್ಕೆ ಮೂರು ಮಾಡಿ, ಮಿಕ್ಕಿದ್ದು ಕಾಳು, ಸೊಪ್ಪು, ಮಜ್ಜಿಗೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ದೊಡ್ಡಪ್ಪನಿಗೆ ಇದೆಲ್ಲ ಹೆಂಗಸರ ಅಡುಗೆಮನೆ ಮಾತಾಗಿ ಕಂಡಿತು.

"ವಾರಕ್ಕೊಂದು ಪೌಂಡಂತೆ. ಅಳೆದು ಉಣ್ಣೋಕೆ ನಾನೇನು ಜೈಲಲ್ಲಿದೀನಾ?" ಅಂದ, ಮನೆಗೆ ಬಂದ ಮೇಲೆ. "ಹದಿನೈದು ದಿನದಲ್ಲಿ ತೋರಿಸ್ತೀನಿ ನೋಡು."

"ತೋರಿಸು," ಅಂದಳು ದೊಡ್ಡಮ್ಮ.

ಊಟ ಪೂರ್ತಿ ಬಿಟ್ಟ. ಬರೀ ಮಜ್ಜಿಗೆ, ನಿಂಬೆಹಣ್ಣಿನ ನೀರು. ತೂಕ ಸರಸರನೆ ಇಳಿಯಿತು. ಅದನ್ನು ಹೋಟೆಲಿಗೆ ಹೋಗಿ ಎಲ್ಲರಿಗೂ ಸಾರಿದ. ಓದಿದವರಿಗೆ ಏನೂ ಗೊತ್ತಿಲ್ಲ, ಮನುಷ್ಯನಿಗೆ ಛಲ ಇದ್ದರೆ ಸಾಕು ಅಂತ ಭಾಷಣ. ಒಂದು ದಿನ ಆ ಭಾಷಣದ ಮಧ್ಯದಲ್ಲೇ ಕಣ್ಣು ಕತ್ತಲೆ ಬಂದು ಕೈತೊಳೆಯುವ ತೊಟ್ಟಿಯ ಪಕ್ಕ ಬಿದ್ದ. ಬಾಡಿಗೆಯವರೇ ಹೊತ್ತುಕೊಂಡು ಬಂದರು. ಚೇತರಿಸಿಕೊಂಡ ಮೇಲೆ, ಕಳಕೊಂಡಿದ್ದನ್ನೆಲ್ಲ ವಸೂಲಿ ಮಾಡುವವನ ಹಾಗೆ ಬಾಡೂಟಕ್ಕೆ ಕೂತ. ತಿಂಗಳು ಕಳೆಯುವಷ್ಟರಲ್ಲಿ ಇಳಿದ ತೂಕವೆಲ್ಲ ವಾಪಸ್ಸು ಬಂತು, ಮೇಲೆ ಇನ್ನೆರಡು ಪೌಂಡು ಸೇರಿಕೊಂಡಿತು.

ಈಗ ತಪ್ಪು ಹೊಲ ಕಿತ್ತುಕೊಂಡವರದ್ದಾಯಿತು. ಗೇಯದೆ ಕೂತಿದ್ದಕ್ಕೆ ಹೀಗಾಯ್ತು, ಗೇದರೆ ತಾನಾಗಿ ಕರಗುತ್ತೆ ಅಂತ ಹೇಳಿಕೊಂಡು ಬನ್ನೇರುಘಟ್ಟದ ಬಸ್ಸು ಹತ್ತಿ ಹುಳಿಮಾವಿಗೆ, ನಮ್ಮ ಮನೆಗೆ ಬಂದ. ಅಲ್ಲಿ ನಮ್ಮಪ್ಪ ಚಿಕ್ಕಬೈರಪ್ಪ ಇನ್ನೂ ಹೊಲ ಮಾಡುತ್ತಿದ್ದ.

"ನೇಗಿಲು ಕೊಡೋ, ಇವತ್ತು ನಾನು ಉಳ್ತೀನಿ," ಅಂದ ದೊಡ್ಡಪ್ಪ.

ಅಪ್ಪ ಬೇಡ ಅನ್ನಲಿಲ್ಲ. ನಾನು ಬದುವಿನ ಮೇಲೆ ನಿಂತು ನೋಡಿದೆ. ಅರ್ಧ ಸಾಲು ಹೋಗುವಷ್ಟರಲ್ಲಿ ಅವನ ಉಸಿರು ನನಗೆ ಕೇಳಿಸುವಷ್ಟು ಜೋರಾಯಿತು. ಎತ್ತುಗಳು ನಿಂತುಬಿಟ್ಟವು. ಅವನು ಎತ್ತುಗಳನ್ನು ಬೈದ, ನೇಗಿಲನ್ನು ಬೈದ, ಮಣ್ಣು ಸರಿಯಿಲ್ಲ ಅಂದ. ಆಮೇಲೆ ಹೊಂಗೆಮರದ ನೆರಳಲ್ಲಿ ಕೂತು ಊಟ ಯಾವಾಗ ಅಂತ ಕೇಳಿದ.

ನಮ್ಮಮ್ಮ ಅಂಜನಮ್ಮ ಬುತ್ತಿ ತಂದಳು. ಉಳುತ್ತಿದ್ದ ಇಬ್ಬರು ಆಳುಗಳಿಗೆ ಅಪ್ಪ ಎರಡೆರಡು ಮುದ್ದೆ ಇಟ್ಟ. ಅಣ್ಣನಿಗೆ ಒಂದೇ ಇಟ್ಟ, ಅದೂ ಚಿಕ್ಕದು.

"ಇದೇನೋ, ನನಗೆ ಒಂದೇನಾ?"

"ಅವರು ಬೆಳಗಿಂದ ಉತ್ತವ್ರೆ ಅಣ್ಣಾ. ನೀನು ಉತ್ತಿದ್ದು ಅರ್ಧ ಸಾಲು ಅಲ್ವಾ?"

ಒಬ್ಬ ಆಳು ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿಕೊಂಡ. ದೊಡ್ಡಪ್ಪ ಅದನ್ನೇ ಉಂಡು, ಸಂಜೆ ಬಸ್ಸಿಗೆ ಕಾಯದೆ ಮಧ್ಯಾಹ್ನದ ಬಸ್ಸಿಗೇ ಹೊರಟ. ಇಷ್ಟು ಸಣ್ಣ ಮಾತು ತಿಳಿಯುವುದಕ್ಕೆ ಅವನು ಹುಳಿಮಾವಿನ ತನಕ ಬರಬೇಕಾಯಿತು.

ಆಮೇಲೆ ಡಾಕ್ಟರು ಹೇಳಿದ ಹಾಗೆ ನಡೆದ. ನಡೆದ ಅನ್ನುವುದಕ್ಕಿಂತ ದೊಡ್ಡಮ್ಮ ನಡೆಸಿದಳು ಅನ್ನಬೇಕು. ಹಿಟ್ಟು ಅಳೆದವಳು ಅವಳು, ಹೆಸರುಕಾಳಿನ ಸಾರು ಬೇಯಿಸಿದವಳು ಅವಳು, ಬೆಳಿಗ್ಗೆ ಎಬ್ಬಿಸಿ ಕೆರೆ ಸುತ್ತಿ ಬರೋಕೆ ಅಟ್ಟಿದವಳೂ ಅವಳೇ. ಅವನು ಮಾಡಿದ್ದು ಗೊಣಗುವುದು. ಒಂದು ವಾರ ತೂಕ ಇಳಿಯಲಿಲ್ಲ. ಹೋಟೆಲಿನ ದೋಸೆ ತಿಂದದ್ದನ್ನು ಡಾಕ್ಟರ ಎದುರು ಬಾಯಿಬಿಟ್ಟ.

"ಒಂದು ದೋಸೆಗೆ ಲೋಕ ಮುಳುಗಲ್ಲ," ಅಂದರು ಅವರು. "ತಿಂದ ದಿನ ರಾತ್ರಿ ಮುದ್ದೆ ಚಿಕ್ಕದಿರಲಿ. ಆದ್ರೆ ಉಪವಾಸ ಮಾತ್ರ ಮಾಡಬೇಡಿ."

ಏಳು ತಿಂಗಳಿಗೆ ನೂರ ಎಂಬತ್ತೈದಕ್ಕೆ ಬಂದ. ಮಂಡಿ ನೋವು ಹೋಯಿತು. ಆಮೇಲೆ ಮತ್ತೆ ಊದಲಿಲ್ಲ, ಅದನ್ನು ಇಲ್ಲ ಅನ್ನಲಾರೆ. ಆದರೆ ಜನಕ್ಕೆ ಅವನು ಕಣಜವಾಗಿದ್ದ ಕಾಲವೇ ವಾಸಿ ಅನ್ನಿಸಿತು. ಕ್ಯಾಲೊರಿ ಅನ್ನುವುದನ್ನು ತಾನೇ ಕಂಡುಹಿಡಿದ ಹಾಗೆ ಮಾತು. ಯಾರ ಮನೆಗೆ ಹೋದರೂ ಅವರ ತಟ್ಟೆ ನೋಡಿ ಲೆಕ್ಕ ಹೇಳುವುದು. ದಪ್ಪಗಿರುವವರು ರಸ್ತೆಯಲ್ಲಿ ಹೋದರೆ ಅವರಿಗೆ ಕೇಳಿಸುವ ಹಾಗೆ, "ಬಾಯಿಗೆ ಬೀಗ ಇಲ್ಲ ಜನಕ್ಕೆ," ಅನ್ನುವುದು.

ಬಾಡಿಗೆಮನೆಯ ಜಯದೇವಿಗೆ ಗಂಡುಮಗು ಆಗಿ ತಿಂಗಳಾಗಿತ್ತು. ಅವಳು ಬಾಗಿಲಲ್ಲಿ ಕೂತು ತುಪ್ಪ ಹಾಕಿಕೊಂಡು ಅನ್ನ ಉಣ್ಣುತ್ತಿದ್ದಳು. ಅವತ್ತು ನಾನು ಅಲ್ಲೇ ಇದ್ದೆ.

"ಏನಮ್ಮ, ಅಷ್ಟೊಂದು ತುಪ್ಪ? ದಿನಕ್ಕೆ ಸಾವಿರದ ಎಂಟುನೂರು ದಾಟಬಾರ್ದು, ಗೊತ್ತಾ?" ಅಂದ ದೊಡ್ಡಪ್ಪ.

ಆ ಹುಡುಗಿ ತುತ್ತನ್ನು ತಟ್ಟೆಗೆ ಬಿಟ್ಟು ತಲೆ ತಗ್ಗಿಸಿದಳು. ಒಳಗಿನಿಂದ ದೊಡ್ಡಮ್ಮ ಬಂದಳು.

"ಆ ಲೆಕ್ಕ ಸುಮ್ನೆ ಕೂತ್ಕೊಂಡು ತಿನ್ನೋ ಗಂಡಸಿಗೆ ಹೇಳಿದ್ದು. ಅವಳು ಮಗೂಗೆ ಹಾಲು ಕೊಡೋಳು. ಬಾಯ್ಮುಚ್ಕೊಂಡು ಆ ಕಡೆ ಹೋಗು," ಅಂದಳು. ಒಳಗೆ ಹೋಗಿ ತುಪ್ಪದ ಗಿಂಡಿಯನ್ನೇ ತಂದು ಜಯದೇವಿಯ ತಟ್ಟೆಗೆ ಇನ್ನೂ ಎರಡು ಚಮಚ ಬಿಟ್ಟಳು.

ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಈ ಹೆಂಗಸರಿಗೆ ವಿಜ್ಞಾನ ತಿಳಿಯಲ್ಲ ಅಂತ ಗೊಣಗುತ್ತ ಹೋಟೆಲಿನ ಕಡೆ ನಡೆದ. ಜಯದೇವಿ ಮತ್ತೆ ಉಣ್ಣತೊಡಗಿದಳು.