ಹಿಗ್ಗಿಸುವ ಯಂತ್ರ

ಬಚ್ಚಲುಮನೆಯ ಛಾವಣಿಯನ್ನು ತಲೆಯೆತ್ತಿ ನೋಡುವ ಪ್ರಸಂಗ ಗೃಹಸ್ಥನಿಗೆ ಅಪರೂಪ. ಸೊಲ್ಲಾಪುರದ ನಮ್ಮ ಮನೆಯ ಆ ಛಾವಣಿ ಎಷ್ಟು ತಗ್ಗೆಂಬ ಸತ್ಯ ನನಗೆ ಗೋಚರವಾದದ್ದು ನಿವೃತ್ತಿಯ ನಂತರ, ಅದನ್ನೇ ಫೋಟೋ ತೊಳೆಯುವ ಕತ್ತಲೆಕೋಣೆ ಮಾಡಿಕೊಂಡು ಎನ್‌ಲಾರ್ಜರ್ ಕೊಳ್ಳಲು ಹೊರಟಾಗ. ನೆಗೆಟಿವ್‌ನೊಳಗಿಂದ ಬೆಳಕು ಹಾಯಿಸಿ ಕಾಗದದ ಮೇಲೆ ಚಿತ್ರವನ್ನು ದೊಡ್ಡದಾಗಿ ಮೂಡಿಸುವ ಈ ಸಲಕರಣೆಗೆ ನಾನು ಹಿಗ್ಗಿಸುವ ಯಂತ್ರವೆಂದು ನಾಮಕರಣ ಮಾಡಿದ್ದೇನೆ. ಚಿತ್ರಕ್ಕಿಂತ ಮೊದಲು ಅದು ಹಿಗ್ಗಿಸಿದ್ದು ನನ್ನನ್ನು, ಕುಗ್ಗಿಸಿದ್ದು ನನ್ನ ಹೆಂಡತಿಯನ್ನು.

ನೆಪ, ಅಕ್ಕಲಕೋಟೆಯ ಮೌಶಿ, ಎಂದರೆ ನನ್ನ ತಾಯಿಯ ತಂಗಿ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನದ ಚಿತ್ರವೊಂದು ಅವಳ ಗೋಡೆಯ ಮೇಲಿದೆ. ಅದರಲ್ಲಿ ತಲೆಯಿಂದ ಬೆನ್ನಿಗಿಳಿಯುವ ಕುಂಚಿಗೆ ತೊಟ್ಟ ನಾನೂ ನನ್ನನ್ನೆತ್ತಿಕೊಂಡ ಅವ್ವನೂ ಇದ್ದೇವೆ, ಮೌಶಿ ಇಲ್ಲ. "ನಾನೂ ಬಾಜೂಕ ನಿಂತಿದ್ನೋ ತಮ್ಮಾ. ಆ ಕುಂಚಗಿ ಹೊಲದಾಕಿನೂ ನಾನ. ಸ್ಟುಡಿಯೋದಾಂವ ನನ್ನ ಕತ್ತರಿಸಿ ಒಗದಾನ!" ಎಂಬ ಅವಳ ತಕರಾರಿಗೆ ನಾವೆಲ್ಲ ನಗುತ್ತಿದ್ದೆವು. ಸಾಕ್ಷಿ ಹೇಳಬೇಕಾದ ಹಿರಿಯರು ಒಬ್ಬೊಬ್ಬರಾಗಿ ಹೋದ ಮೇಲೆ ಅವಳ ದನಿಯಲ್ಲಿ ತಕರಾರು ಇಳಿದು ಬರಿಯ ನೋವು ಉಳಿಯಿತು.

ಹೋದ ವರ್ಷ ಅವ್ವನ ಟ್ರಂಕಿನಲ್ಲಿ ಆ ಚಿತ್ರದ ನೆಗೆಟಿವ್ ಸಿಕ್ಕಿತು, ಬಿಸ್ಕೀಟಿನಷ್ಟು ಅಗಲದ ಚೌಕ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಒಬ್ಬಳು ನಿಂತಿದ್ದಳು ನಿಜ, ಆದರೆ ತಲೆಗೂದಲೆಲ್ಲ ಬೆಳ್ಳಗೆ. ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳಿಯೆಂದು ಎಷ್ಟು ಬೋಧಿಸಿದರೂ ಹೆಂಡತಿ, "ಯಾವದರೆ ಮುದುಕಿ ಇರಬೇಕ್ರಿ" ಎಂದು ತೀರ್ಪಿತ್ತಳು. "ಮೊಬೈಲ್‌ನಾಗ ಝಟ್‌ನೆ ಆಗ್ತದ ಪಪ್ಪಾ" ಎಂದಳು ಮಗಳು. ಕೈಗೆ ಬಂದ ನೆಪವನ್ನು ಅಷ್ಟು ಅಗ್ಗಕ್ಕೆ ಬಿಟ್ಟುಕೊಡಲು ಸಾಧ್ಯವೇ, ನೀವೇ ಹೇಳಿ.

ಹಳೆಯ ಸಾಮಾನಿನ ವ್ಯಾಪಾರಿ ತೋರಿಸಿದ ಪುಟ್ಟ ಯಂತ್ರ ಬಚ್ಚಲುಮನೆಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅದು ಚಿಕ್ಕ ಫಿಲ್ಮಿನದು. ನಮ್ಮ ಚೌಕದ ನಡುಭಾಗಕ್ಕಷ್ಟೇ ಬೆಳಕು, ಅಂಚೆಲ್ಲ ಕತ್ತಲು. ಮೌಶಿಯನ್ನು ಎರಡನೆಯ ಸಲ ಕತ್ತರಿಸಿ ಒಗೆಯಲು ಮನಸ್ಸಾಗಲಿಲ್ಲ. ಅಗಲದ ನೆಗೆಟಿವ್ ಹಿಡಿಯುವ, ಉದ್ದ ಲೆನ್ಸಿನ, ಒಂಟೆಯಂಥ ಯಂತ್ರವನ್ನೇ ತಂದೆ. ಒಳಗೆ ಹೊಗಿಸುವಾಗಲೇ ಅದರ ತಲೆ ಛಾವಣಿಗೆ ಗೀರೆಳೆಯಿತು.

ಕಿಟಕಿಗೆ ದಪ್ಪ ಚಾದರ ಕಟ್ಟಿ, ಬೆವರು ಸುರಿಸುತ್ತ, ಯಂತ್ರದ ಬೆಳಕು ಹಾಯಿಸಿದ ಕಾಗದವನ್ನು ಕೆಂಪು ದೀಪದಡಿ ರಸಾಯನದಲ್ಲಿ ಅದ್ದಿದೆ. ಅಂಚಿನ ಮುದುಕಿಯ ಕೂದಲು ಕಣ್ಣೆದುರೇ ಕಪ್ಪಾಗುತ್ತ ಬಂತು. ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಕುಂಚಿಗೆಯ ತುದಿ ಹಿಡಿದು ನಗುತ್ತಿದ್ದಳು. ನನಗೆ ಅಳುವೇ ಬಂತು.

ಚಿತ್ರವನ್ನು ಅಕ್ಕಲಕೋಟೆಗೆ ಒಯ್ದು ಕೊಟ್ಟೆ. ಈಗ ನಿಜಕ್ಕೂ ತಲೆ ನರೆತಿರುವ ಮೌಶಿ ಬಹಳ ಹೊತ್ತು ನೋಡಿದಳು. "ದೊಡ್ಡದ ಮಾಡೋ ಮಷೀನ ಅಂದಿದ್ದಿ, ನನ್ನ ಸಣ್ಣಾಕಿ ಮಾಡ್ಯದಲ್ಲೋ!"

ಛಾವಣಿಯ ಗೀರಿಗೆ ಬಣ್ಣ ಬಳಿಸಿರೆಂದು ಹೆಂಡತಿ ದಿನವೂ ನೆನಪಿಸುತ್ತಾಳೆ. ಸ್ನಾನಕ್ಕೆ ಹೋದಾಗಲೆಲ್ಲ ನಾನು ತಲೆಯೆತ್ತಿ ಅದನ್ನು ನೋಡಿ ಹಿಗ್ಗುತ್ತೇನೆ, ನಾಳೆ ಎನ್ನುತ್ತೇನೆ.