ಸರಿ ಅನ್ನುವುದನ್ನು ಕಲಿಸಿದ ಟೀಚರಮ್ಮ

ನನ್ನ ಹೆಂಡತಿಯ ಅಕ್ಕನನ್ನು ಇಡೀ ವಿಶ್ವವಿದ್ಯಾಲಯ ಟೀಚರಮ್ಮ ಎಂದೇ ಕರೆಯುತ್ತಿತ್ತು. ವಿದ್ಯಾರ್ಥಿವೇತನವೋ ಸಂಶೋಧನಾ ವೇತನವೋ ಸಿಕ್ಕಿ ದೂರದ ದೇಶಗಳಿಂದ ಬರುವವರಿಗೆ ನಮ್ಮ ಭಾಷೆ ಕಲಿಸುವುದು ಅವರ ಕೆಲಸ. ನಾನು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ, ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಗುಮಾಸ್ತ. ನನಗೆ ಮನೆಯಲ್ಲಿ ಅತ್ತಿಗೆ, ಆಫೀಸಿನಲ್ಲಿ ಟೀಚರಮ್ಮ. ಎರಡೂ ಕಡೆ ಅವರ ಮಾತಿಗೆ ಎದುರಿಲ್ಲ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ವರ್ಷಕ್ಕೊಂದು ಕ್ಲಾಸು ತುಂಬ ಮಕ್ಕಳು ಬರ್ತಾವೆ, ಹೆರೋ ನೋವೂ ಇಲ್ಲ, ಸಾಕಲ್ಲ" ಎನ್ನುತ್ತಿದ್ದರು. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಅವರ ವಾಸ. ಊಟಕ್ಕೆ ಮಾತ್ರ ಕೆಳಗೆ ಬರುತ್ತಿದ್ದರು, ಬಂದಾಗ ತಂಗಿಯ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳದೆ ಹೋಗುತ್ತಿರಲಿಲ್ಲ.

ಅವರ ತರಗತಿಯನ್ನು ನೋಡಿದವರು ಅದನ್ನು ಗುಜರಿ ಅಂಗಡಿ ಎಂದುಕೊಳ್ಳಬೇಕು. ಮೇಜಿನ ಮೇಲೆ ಹಳೆಯ ಬೀಗ, ಬಕೆಟ್ಟು, ಖಾಲಿ ಮಾತ್ರೆಯ ಹಾಳೆ, ಮುರಿದ ಛತ್ರಿ, ಬಸ್ ಟಿಕೆಟ್ಟಿನ ಕಂತೆ. ಒಂದು ದಿನ ಅವರೇ ಔಷಧಿ ಅಂಗಡಿಯವರಾಗುತ್ತಿದ್ದರು, ಇನ್ನೊಂದು ದಿನ ಸಿಡುಕಿನ ಬಸ್ ಕಂಡಕ್ಟರ್. ಇಪ್ಪತ್ತೈದು ಮೂವತ್ತು ವಯಸ್ಸಿನ ಗಡ್ಡಧಾರಿ ಸಂಶೋಧಕರು ಬಕೆಟ್ಟು ಹಿಡಿದು, "ನೀರು ಯಾವಾಗ ಬರುತ್ತೆ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದನ್ನು ನೋಡಲು ನಾನು ಎಷ್ಟೋ ಸಲ ಸುಮ್ಮನೆ ಮೇಲೆ ಹತ್ತಿ ಹೋಗಿದ್ದೇನೆ.

ಆದರೆ ಆ ನಗುವಿನ ಹಿಂದೆ ಒಂದು ಕತ್ತಿ ತೂಗುತ್ತಿತ್ತು. ಮೊದಲ ವರ್ಷವಿಡೀ ಭಾಷೆ. ಕೊನೆಗೆ ಟೀಚರಮ್ಮ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಬೇಕು. ಅದು ಸಿಕ್ಕಿದರೆ ಪ್ರಯೋಗಾಲಯದಲ್ಲಿ ಜಾಗ, ಸಿಗದಿದ್ದರೆ ಗಂಟುಮೂಟೆ ಕಟ್ಟಿ ಮನೆಗೆ. ತಮ್ಮ ಇಡೀ ಸೇವೆಯಲ್ಲಿ ಅತ್ತಿಗೆ ಒಬ್ಬರನ್ನೂ ಫೇಲು ಮಾಡಲಿಲ್ಲ. ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ ಸಿಟ್ಟಾದರು. "ಯುದ್ಧ ನಡೀತಿರೋ ಊರಿಂದ ಜೀವ ಕೈಲಿ ಹಿಡ್ಕೊಂಡು ಬಂದಿರ್ತಾರೆ. ನನ್ನ ಪರೀಕ್ಷೇಲಿ ಒಂದು ಕ್ರಿಯಾಪದ ತಪ್ಪಿದ್ದಕ್ಕೆ ವಾಪಸ್ ಕಳಿಸ್ಲಾ? ಕೆಲಸ ಮಾಡ್ತಾ ಮಾಡ್ತಾ ಕಲೀತಾರೆ ಬಿಡಿ." ಬಹುಪಾಲು ಜನ ಕಲಿಯುತ್ತಲೂ ಇದ್ದರು. ಅದಕ್ಕೇ ಯಾರೂ ಚಕಾರ ಎತ್ತಲಿಲ್ಲ.

ಇನ್ನೊಂದು ಅವರದೇ ವಿಧಾನವಿತ್ತು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬಳು ವಿದ್ಯಾರ್ಥಿನಿ, ತಪ್ಪು ಮಾತಾಡಿದರೆ ಜನ ನಗುತ್ತಾರೆಂದು ಹೆದರಿ, ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಕೂತವಳು ಕೊನೆಗೆ ಎಲ್ಲ ಬಿಟ್ಟು ಹೊರಟುಹೋದಳು. ಅದು ಅತ್ತಿಗೆಯ ಮನಸ್ಸಿನಿಂದ ಹೋಗಲೇ ಇಲ್ಲ. ಆಮೇಲಿನಿಂದ ಪ್ರತಿ ಹೊಸ ತಂಡಕ್ಕೂ ಮೊದಲ ಪಾಠ ಒಂದೇ. "ಯಾರೇನು ಅಂದ್ರೂ ನಗ್ತಾ ತಲೆ ಆಡಿಸಿ, ಸರಿ ಅನ್ನಿ. ಮಾತು ನಿಲ್ಲಬಾರ್ದು. ಅರ್ಥ ಹಿಂದಿನಿಂದ ಬರುತ್ತೆ." ಅಂಗಡಿ, ಬಸ್ಸು, ಹಾಸ್ಟೆಲ್ಲಿನ ಊಟದ ಸಾಲು ಎಲ್ಲ ಕಡೆ ಈ ಮಂತ್ರ ನಡೆಯಿತು. ಜನಕ್ಕೂ ಇಷ್ಟವಾಯಿತು. ಹೇಳಿದ್ದಕ್ಕೆಲ್ಲ ನಗುತ್ತಾ ಸರಿ ಅನ್ನುವವನನ್ನು ಯಾರು ತಾನೇ ದ್ವೇಷಿಸುತ್ತಾರೆ? ಮೇಲಧಿಕಾರಿಗಳು ಕೂಡ, ನಿಮ್ಮ ಮಕ್ಕಳು ಎಷ್ಟು ವಿನಯವಂತರು ಎಂದು ಹೊಗಳಿದ್ದುಂಟು.

ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದವನು ಒಬ್ಬ ಬಂದ. ಉದ್ದಕ್ಕೆ ಕಡ್ಡಿಯ ಹಾಗಿದ್ದ; ಅವನ ಹೆಸರಿಗೆ ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. ಎಲ್ಲದಕ್ಕೂ ಸರಿ ಎನ್ನುತ್ತಿದ್ದುದರಿಂದ ಪ್ರಯೋಗಾಲಯದವರು ಸರಿಯಪ್ಪ ಎಂದು ಹೆಸರಿಟ್ಟರು. ಅವನ ಊರಿನ ಬಾವಿಗಳಲ್ಲಿ ಬರುವುದು ಕೆಟ್ಟ ನೀರು. ಕುಡಿದ ಮಕ್ಕಳ ಹಲ್ಲು, ಮೂಳೆ ಎಲ್ಲ ಹಾಳಾಗುತ್ತವೆ. ತೆಳುವಾದ ಮಣ್ಣಿನ ಬಿಲ್ಲೆಗಳಿಂದ ಆ ನೀರನ್ನು ಸೋಸಬಹುದು ಎಂದು ಅವನ ನಂಬಿಕೆ. ಅವನು ಓದಿದ್ದ ಅಲ್ಲಿನ ವಿಶ್ವವಿದ್ಯಾಲಯ ಗಲಾಟೆಯಲ್ಲಿ ಮುಚ್ಚಿಹೋಗಿತ್ತು. ಅವನ ದೇಶಕ್ಕೆಂದು ಇದ್ದದ್ದು ಒಂದೇ ಒಂದು ಸಂಶೋಧನಾ ವೇತನ, ಅದು ಇವನಿಗೆ ಸಿಕ್ಕಿತ್ತು. ಮಣ್ಣಿನ ವಿಷಯದಲ್ಲಿ ಮಹಾ ಬುದ್ಧಿವಂತ. ಭಾಷೆ ಮಾತ್ರ ಹತ್ತಲಿಲ್ಲ. ಕಲಿತ ವಾಕ್ಯಗಳನ್ನು ಗಿಣಿಯ ಹಾಗೆ ಒಪ್ಪಿಸುತ್ತಿದ್ದ. ಒಂದು ಪದ ಹಿಂದೆಮುಂದೆ ಮಾಡಿದರೆ ಕಣ್ಣು ಪಿಳಿಪಿಳಿ ಬಿಡುತ್ತಾ ನಗುತ್ತಿದ್ದ. ಅತ್ತಿಗೆ ಅವನನ್ನೂ ಪಾಸು ಮಾಡಿದರು.

ಪ್ರಯೋಗಾಲಯದಲ್ಲಿ ಬಿಲ್ಲೆಗಳನ್ನು ಒಣಗಿಸುವ ಬೀರುವಿನಂಥ ಒಂದು ಒಲೆ ಇದೆ. ಒಳಗೆ ಕಾವಿದ್ದಾಗ ಮೇಲಿನ ಕೆಂಪು ದೀಪ ಉರಿಯುತ್ತದೆ, ಆರಿದರೆ ತೆಗೆಯಬಹುದು. ಅವತ್ತು ಬೆಳಿಗ್ಗೆ ದೀಪ ಕೆಟ್ಟಿತ್ತು. ಒಲೆ ನೋಡಿಕೊಳ್ಳುವ ಮೇಸ್ತ್ರಿ ಹೊಸ ದೀಪ ತರಲು ಹೊರಟವನು ಬಾಗಿಲಲ್ಲಿ ನಿಂತು ಹುಡುಗನಿಗೆ ಹೇಳಿದ. "ನೋಡಪ್ಪ, ದೀಪ ಕೆಟ್ಟಿದೆ. ಆರಿದೆ ಅಂತ ನಂಬ್ಕೊಂಡು ಕೈ ಹಾಕ್ಬೇಡ. ನಾನು ಬರೋವರೆಗೂ ಅದರ ತಂಟೆಗೆ ಹೋಗ್ಬೇಡ, ಗೊತ್ತಾಯ್ತಾ?" ಹುಡುಗ ನಗುತ್ತಾ ಸರಿ ಅಂದ. ಮೇಸ್ತ್ರಿ ಮೆಟ್ಟಿಲಿಳಿದ. ಹುಡುಗ ದಿನಾ ಮಾಡುವಂತೆ ದೀಪ ನೋಡಿದ, ಉರಿಯುತ್ತಿಲ್ಲ. ಬಾಗಿಲೆಳೆದು ಕಬ್ಬಿಣದ ತಟ್ಟೆಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದ. ಚರ್ಮ ತಟ್ಟೆಗೆ ಅಂಟಿಕೊಂಡಿತು. ಅವನ ಕೂಗು ನನ್ನ ಮೇಜಿನವರೆಗೂ ಕೇಳಿತು. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಅಂಗೈಯನ್ನು ಹೇಗೋ ಉಳಿಸಿದರು. ಆದರೆ ಗಾಯ ಮಾಗುತ್ತಾ ಬೆರಳುಗಳು ಒಳಗೆ ಮಡಚಿಕೊಂಡು ಮುಷ್ಟಿಯಾಗತೊಡಗಿದವು. ಇನ್ನೊಂದು ದೊಡ್ಡ ಆಪರೇಷನ್ ಬೇಗ ಆಗದಿದ್ದರೆ ಕೈ ಜನ್ಮಕ್ಕೆ ಬಿಚ್ಚಿಕೊಳ್ಳುವುದಿಲ್ಲ ಎಂದರು ಡಾಕ್ಟರು. ಅದರ ಖರ್ಚು ಯಾರದು ಎಂದು ತೀರ್ಮಾನಿಸಲು ವಿಚಾರಣಾ ಸಮಿತಿ ಕೂತಿತು. ವಿಷಯ ಸರಳ. ಎಚ್ಚರಿಕೆ ಅರ್ಥವಾಗಿಯೂ ಹುಡುಗ ಕೈ ಹಾಕಿದ್ದರೆ ತಪ್ಪು ಅವನದು, ಆಪರೇಷನ್ ಅವನ ಹಣೆಬರಹ. ಅರ್ಥವಾಗದೆ ಹಾಕಿದ್ದರೆ ತಪ್ಪು ನಮ್ಮದು, ವಿಶ್ವವಿದ್ಯಾಲಯವೇ ಮಾಡಿಸಬೇಕು. ಆದರೆ ಅರ್ಥವಾಗಲಿಲ್ಲ ಅಂದರೆ, ಭಾಷೆ ಬರುತ್ತದೆಂದು ಸರ್ಟಿಫಿಕೇಟ್ ಕೊಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ವಿಚಾರಣೆಯ ಬೆಳಿಗ್ಗೆ ನಾನು ಅತ್ತಿಗೆಗೆ ಹೇಳಿದೆ. "ಬಾಯಿ ಬಿಡಬೇಡಿ ಅತ್ತಿಗೆ. ನಿವೃತ್ತಿಗೆ ಇನ್ನೆಷ್ಟು ದಿನ ಇದೆ? ಸುಮ್ನೆ ಕೂತು ಬನ್ನಿ."

"ಆ ಕೈ ನೋಡಿದೀರಾ ನೀವು?" ಎಂದರು. "ಹಕ್ಕಿ ಕಾಲಾಗಿದೆ."

"ಅಕ್ಕ, ನಿನ್ನ ಗತಿ ಏನಾಗುತ್ತೆ ಅಂತಾದ್ರೂ ಯೋಚ್ನೆ ಮಾಡಿದೀಯಾ?" ಎಂದು ನನ್ನವಳು ಕಣ್ಣೊರೆಸಿಕೊಂಡಳು.

"ಏನಾಗುತ್ತೆ? ಕೆಲಸ ಹೋಗುತ್ತೆ. ನಿನ್ನ ಉಪ್ಪಿಲ್ಲದ ಸಾರು ಮೂರು ಹೊತ್ತೂ ತಿನ್ಬೇಕಾಗುತ್ತೆ, ಅಷ್ಟೇ ತಾನೆ."

ಸಮಿತಿಯಲ್ಲಿ ಅಧ್ಯಕ್ಷರು, ಒಬ್ಬರು ಡಾಕ್ಟರು, ಪ್ರಯೋಗಾಲಯದ ಮುಖ್ಯಸ್ಥರು. ನಡೆದದ್ದನ್ನು ಬರೆದುಕೊಳ್ಳಲು ನಾನು, ಸರ್ಟಿಫಿಕೇಟ್ ಕೊಟ್ಟವರೆಂದು ಮೂಲೆಯ ಕುರ್ಚಿಯಲ್ಲಿ ಅತ್ತಿಗೆ. ಹುಡುಗನ ಭಾಷೆ ಬಲ್ಲ ದುಭಾಷಿಯನ್ನು ಕರೆಸೋಣವೇ ಎಂದು ನಾನು ಮೊದಲೇ ಕೇಳಿದ್ದೆ. ಸರ್ಟಿಫಿಕೇಟ್ ಇದೆಯಲ್ಲ, ದುಭಾಷಿ ಯಾಕ್ರೀ ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಮೇಸ್ತ್ರಿ ಬಂದು, ನಾನು ಹೇಳಿದ್ದು ಹೀಗೆ, ಅವನು ಸರಿ ಅಂದ ಎಂದು ಹೇಳಿ ತಲೆ ತಗ್ಗಿಸಿ ನಿಂತ. ಹುಡುಗ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮೇಸ್ತ್ರಿ ಹೇಳಿದ್ದು ನಿಮಗೆ ಅರ್ಥ ಆಗಿತ್ತಾ?" ಅಧ್ಯಕ್ಷರು ಕೇಳಿದರು.

"ಸರಿ."

"ಆಗಿತ್ತೋ ಇಲ್ವೋ, ಹೇಳಿ."

"ಅರ್ಥ ಆಯ್ತು ಸರ್," ಎಂದ ಹುಡುಗ.

ಅಧ್ಯಕ್ಷರು ನನ್ನ ಕಡೆ ತಿರುಗಿ, ಬರ್ಕೊಳ್ಳಿ ಎಂದರು. ಅಷ್ಟರಲ್ಲಿ ಅತ್ತಿಗೆ ಎದ್ದು ನಿಂತರು. "ನಾನೊಂದು ಪ್ರಶ್ನೆ ಕೇಳ್ತೀನಿ," ಎಂದು ಒಪ್ಪಿಗೆಗೂ ಕಾಯದೆ ಹುಡುಗನ ಕಡೆ ತಿರುಗಿದರು. ತರಗತಿಯಲ್ಲಿ ಬಿಡಿಸಿ ಬಿಡಿಸಿ ಮಾತಾಡುವವರು ಈಗ ಮನೆಯಲ್ಲಿ ನಮ್ಮೊಡನೆ ಆಡುವ ಹಾಗೆ, ಸಲೀಸಾಗಿ, ನಗುಮುಖದಿಂದ ಕೇಳಿದರು. "ನಿನ್ನ ಎಡಗೈನೂ ಅದೇ ಒಲೆ ಒಳಗಿಟ್ಟು ಸುಟ್ಟುಬಿಡೋಣ ಅಂತ ಈ ದೊಡ್ಡವರೆಲ್ಲ ಮಾತಾಡ್ಕೊಂಡಿದಾರೆ ಕಣಪ್ಪ. ನಾಳೆನೇ ಸುಡಬಹುದಾ?"

ಹುಡುಗ ನಕ್ಕ. ತಲೆಯಾಡಿಸಿದ. "ಸರಿ ಟೀಚರ್," ಎಂದ.

ಡಾಕ್ಟರು ಕುರ್ಚಿ ಹಿಂದೆ ಸರಿಸಿ ಕಿಟಕಿಯ ಕಡೆ ಮುಖ ಮಾಡಿದರು. ಮೇಸ್ತ್ರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಹೀಗೆ ಸರಿ ಅನ್ನೋದನ್ನ ಕಲಿಸಿದ್ದು ನಾನು. ಭಾಷೆ ಬರುತ್ತೆ ಅಂತ ಸುಳ್ಳು ಸರ್ಟಿಫಿಕೇಟ್ ಕೊಟ್ಟಿದ್ದೂ ನಾನೇ," ಎಂದು ಅತ್ತಿಗೆ ನನ್ನನ್ನು ನೋಡಿದರು. "ಬರ್ಕೊಳ್ಳಿ." ಬರೆದುಕೊಂಡೆ.

ವಿಶ್ವವಿದ್ಯಾಲಯದ ಖರ್ಚಿನಲ್ಲೇ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಅತ್ತಿಗೆಯನ್ನು ಕೆಲಸದಿಂದ ತೆಗೆದರು. ಇದು ಗೊತ್ತಿದ್ದದ್ದೇ, ಆ ವಾರವೆಲ್ಲ ಅವರು ಹಗುರವಾಗಿದ್ದರು, ಆಸ್ಪತ್ರೆಗೆ ಹಣ್ಣು ಒಯ್ಯುತ್ತಿದ್ದರು, ಬಂದು ಇವತ್ತು ತೋರುಬೆರಳು ಅಲ್ಲಾಡಿತು ಎಂದು ಸಂಭ್ರಮಪಡುತ್ತಿದ್ದರು. ಆಮೇಲೆ ವೇತನ ಕೊಡುವ ಸಂಸ್ಥೆಯ ತೀರ್ಮಾನ ನನ್ನ ಮೇಜಿಗೆ ಬಂತು. ಸಮಿತಿಯೇ ಹೇಳಿದ ಮೇಲೆ ಅಭ್ಯರ್ಥಿಗೆ ಭಾಷಾ ಅರ್ಹತೆ ಇಲ್ಲವೆಂದಾಯಿತು. ಅರ್ಹತೆ ಇಲ್ಲದವರಿಗೆ ವೇತನವಿಲ್ಲ. ಗಾಯ ಮಾಗಿದ ಕೂಡಲೇ ಅವನನ್ನು ಅವನ ದೇಶಕ್ಕೆ ಕಳಿಸತಕ್ಕದ್ದು. ತಪ್ಪು ತಮ್ಮದು ಎಂದು ಅತ್ತಿಗೆ ಒಪ್ಪಿಕೊಂಡರೆ ಶಿಕ್ಷೆ ಅವರೊಬ್ಬರಿಗೇ ಎಂದು ನಾವೆಲ್ಲ ನಂಬಿಕೊಂಡಿದ್ದೆವು. ಮೇಲ್ಮನವಿ ಬರೆದೆ, ಅಧಿಕಾರಿಗಳ ಕಾಲು ಹಿಡಿಯುವುದೊಂದು ಬಾಕಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥ ತೀರ್ಮಾನ ಮಾಡುವವರ ಮನೆ ಹಾಳಾಗಲಿ ಎಂದು ಶಪಿಸಿದೆ, ಅದರಿಂದಲೂ ಏನೂ ಆಗಲಿಲ್ಲ.

ಹುಡುಗನಿಗೆ ತಾವೇ ಹೇಳುವುದಾಗಿ ಅತ್ತಿಗೆ ಹೊರಟರು. ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವರು ಒಂದೊಂದೇ ಪದ ಬಿಡಿಸಿ ಹೇಳಿದರು. ಓದು ಇಲ್ಲ. ವೇತನ ಇಲ್ಲ. ಮನೆಗೆ ಹೋಗಬೇಕು. ಕೈ ಸನ್ನೆಯಲ್ಲಿ ವಿಮಾನ ತೋರಿಸಿದರು. ಹುಡುಗ ಈ ಸಲ ನಗಲಿಲ್ಲ. ಪಟ್ಟಿ ಬಿಚ್ಚಿದ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡವು.

"ನನಗೆ ಗೊತ್ತು," ಎಂದ, ಪದ ಹುಡುಕುತ್ತಾ. "ಮೇಸ್ತ್ರಿ ಹೇಳಿದ್ದು ಅರ್ಥ ಇಲ್ಲ. ಆದರೆ ಅರ್ಥ ಇಲ್ಲ ಅಂದ್ರೆ ಮನೆಗೆ. ಹಾಸ್ಟೆಲ್ ಅಣ್ಣಂದಿರು ಎಲ್ಲ ಹೇಳಿದ್ರು. ಅದಕ್ಕೆ ಅವತ್ತು, ಆ ದೊಡ್ಡ ಸರ್ ಮುಂದೆ, ಅರ್ಥ ಆಯ್ತು ಅಂದೆ."

ಅತ್ತಿಗೆಯ ಮುಖ ಬಿಳುಚಿತು. "ಆದ್ರೆ ನಿನ್ನ ಕೈ..."

"ಕೈ ಬೇಡ ಇತ್ತು ಟೀಚರ್. ಎಡಗೈ ಇದೆ. ಓದು ಬೇಕಿತ್ತು." ಆಮೇಲೆ, ಪಾಠದ ವಾಕ್ಯವಲ್ಲದ, ಯಾರೂ ಕಲಿಸದ ಒಂದು ವಾಕ್ಯವನ್ನು ತಪ್ಪಿಲ್ಲದೆ ಹೇಳಿದ. "ನೀವು ನನ್ನನ್ನ ಒಂದು ಮಾತು ಕೇಳಬೇಕಿತ್ತು."

ನರ್ಸು ಬಂದು, ಭೇಟಿಯ ಹೊತ್ತು ಮುಗಿಯಿತು, ಏಳಿ ಎಂದಳು. ಅತ್ತಿಗೆ ಏಳಲಿಲ್ಲ. ನಾನೇ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಬಂದೆ.