ಕಟ್ಟಿದವನ ಮೊದಲ ಟ್ರಿಪ್ಪು

ಭಟ್ಕಳದ ಬಂದರಿನಲ್ಲಿ ಒಂದು ರೂಢಿಯಿದೆ. ದೋಣಿಗೆ ಹೊಸ ಇಂಜಿನ್ ಕೂರಿಸಿದವನಿರಲಿ, ವಯರಿಂಗ್ ಎಳೆದವನಿರಲಿ, ಮೊದಲ ಟ್ರಿಪ್ಪಿಗೆ ಅವನೂ ಕಡಲಿಗೆ ಹೋಗಬೇಕು. ಇದರ ಹಿಂದೆ ಶಾಸ್ತ್ರ ಗೀಸ್ತ್ರ ಏನಿಲ್ಲ. ಆಳ ನೀರಿನ ಮೇಲೆ ತಾನೂ ಕೂರಬೇಕೆಂದು ಗೊತ್ತಿದ್ದವನು ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಾನೆ, ಅಷ್ಟೆ.

ಈ ರೂಢಿಯನ್ನು ಮೂವತ್ತು ವರ್ಷ ತಪ್ಪಿಸಿಕೊಂಡು ಬಂದವನೆಂದರೆ ದಾಸ ಮೊಗೇರ. ಬಂದರಿಗೆ ಹೋಗುವ ರಸ್ತೆಯಲ್ಲಿ ತಗಡಿನ ಮಾಡಿನ ಅಂಗಡಿ, ಒಳಗೆ ಬ್ಯಾಟರಿ, ಡೈನಮೋ, ತಾಮ್ರದ ತಂತಿಯ ಸುರುಳಿ. ಅವನ ಅಪ್ಪ, ಅಜ್ಜ ಬಲೆ ಬಿಟ್ಟು ಬದುಕಿದವರು. ದಾಸನಿಗೆ ಮಾತ್ರ ಕಡಲು ಆಗಿಬರಲಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ದೋಣಿ ಹತ್ತಿದವನು ಹೊಳೆ ಕಡಲು ಸೇರುವ ಅಳಿವೆ ದಾಟುವ ಮೊದಲೇ ಕಾರಿಕೊಳ್ಳಲು ಶುರುಮಾಡಿ, ಸಂಜೆ ದಡ ಮುಟ್ಟುವ ತನಕ ನಿಲ್ಲಿಸಲಿಲ್ಲ. ಮರುದಿನವೂ ಅದೇ ಹಾಡು. ಮೀನು ಹಿಡಿಯುವ ಮೊಗೇರರ ಕೇರಿಯಲ್ಲಿ ಇಂಥದ್ದು ಬಚ್ಚಿಡಲು ಆಗುವ ಸಂಗತಿಯೇ? ‘ದಡದ ದಾಸ’ ಎಂಬ ಹೆಸರು ವಾರದೊಳಗೆ ಅಂಟಿತು. ಅವನು ಕುಮಟೆಗೆ ಹೋಗಿ ಲಾರಿ ಗ್ಯಾರೇಜಿನಲ್ಲಿ ಆರು ವರ್ಷ ದುಡಿದು ವಿದ್ಯುತ್ತಿನ ಕೆಲಸ ಕಲಿತು ಬಂದ. ಹೆಸರು ಮಾತ್ರ ಹೋಗಲಿಲ್ಲ. ಬುಟ್ಟಿ ಹೊತ್ತು ಮೀನು ಮಾರುವ ಹೆಂಡತಿ ದುರ್ಗಿ ಯಾರಾದರೂ ಛೇಡಿಸಿದರೆ, ಮೀನು ತಿನ್ನುವವರೆಲ್ಲ ಕಡಲಿಗೆ ಹೋಗುತ್ತಾರಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಕೆಲಸಗಾರನೆಂದರೆ ಕೆಲಸಗಾರ. ಸುಟ್ಟ ತಂತಿ ಸುರುಳಿಯ ವಾಸನೆ ಹಿಡಿದು ಯಾವ ತಪ್ಪಿನಿಂದ ಸುಟ್ಟಿತೆಂದು ಹೇಳಬಲ್ಲವನು. ಬಂದರಿನ ಅರ್ಧಕ್ಕರ್ಧ ದೋಣಿಗಳ ದೀಪ ಉರಿಯುತ್ತಿದ್ದುದು ಅವನ ಕೈಗುಣದಿಂದ. ಹೀಗಾಗಿ ಅವನು ಮೊದಲ ಟ್ರಿಪ್ಪಿಗೆ ಜ್ವರ, ಹೊಟ್ಟೆನೋವು, ನೆಂಟರ ಮದುವೆ ಎಂದು ಏನಾದರೊಂದು ನೆವ ಹೇಳಿದರೂ ಜನ ನಕ್ಕು ಬಿಡುತ್ತಿದ್ದರು. ನೆವ ಹೇಳುವಾಗ ಅವನ ಕಿವಿ ಕೆಂಪಾಗುವುದನ್ನು ದುರ್ಗಿ ಒಬ್ಬಳೇ ನೋಡಿದ್ದಳು.

ನಗಲಾಗದ ಒಂದು ಸಲವೂ ಇತ್ತು. ಹದಿಮೂರು ವರ್ಷದ ಹಿಂದಿನ ಮಾತು. ಬೀರಪ್ಪ ಎಂಬ ಹಿರಿಯ ಮೀನುಗಾರ ತನ್ನ ದೋಣಿಗೆ ಹೆಚ್ಚು ದೀಪ ಬೇಕೆಂದ. ಇಂಜಿನ್ನಿನ ಬೆಲ್ಟಿನಿಂದ ತಿರುಗಿ ಕರೆಂಟು ಕೊಡುವ ಹಳೆಯ ಸಣ್ಣ ಡೈನಮೋ ತೆಗೆದು, ಲಾರಿಯ ದೊಡ್ಡ ಆಲ್ಟರ್ನೇಟರನ್ನು ದಾಸ ಕೂರಿಸಿದ. ಮೊದಲ ಟ್ರಿಪ್ಪಿಗೆ ಹೋಗಲಿಲ್ಲ. ಅಂದು ಬಲೆ ಎಳೆಯುವ ಹೊತ್ತಿನಲ್ಲಿ ದೀಪಗಳು ಮಂಕಾಗುತ್ತ ಬಂದು ಆರಿಯೇ ಹೋದವು. ಕತ್ತಲಲ್ಲಿ ಹಗ್ಗ ಸುತ್ತುವ ಉರುಳೆಗೆ ಬೀರಪ್ಪನ ಮಗ ಬೊಮ್ಮನ ಎಡಗೈ ಸಿಕ್ಕಿತು. ಎರಡು ಬೆರಳು ಹೋದವು. ದೋಣಿ ದಡಕ್ಕೆ ಬಂದ ಮೇಲೆ ದಾಸ ಇಂಜಿನ್ ಜೋರಾಗಿ ಓಡಿಸಿ ಮೀಟರ್ ಹಿಡಿದು ನೋಡಿದ. ಎಲ್ಲ ಸರಿಯಿತ್ತು. ಬೆಲ್ಟು ಮಾತ್ರ ಕೊಂಚ ಸಡಿಲ. ಬೆಲ್ಟು ನೋಡಿಕೊಳ್ಳುವ ಕೆಲಸ ಇಂಜಿನ್ ನಡೆಸುತ್ತಿದ್ದ ಬೊಮ್ಮನದೇ. ‘ಬೆಲ್ಟು ಸಡಿಲ ಇತ್ತು, ಅದಕ್ಕೇ ಹೋತು’ ಎಂದು ದಾಸ ನಾಲ್ಕು ಜನರೆದುರು ಹೇಳಿದ. ಹೊಸ ಬೆಲ್ಟು ಮೊದಲ ದಿನ ಹಿಗ್ಗಿ ತಾನಾಗಿಯೇ ಸ್ವಲ್ಪ ಸಡಿಲಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಹೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಆ ನೆಲದ ಪಾತ್ರ ಬಿದ್ದದ್ದು ಇಪ್ಪತ್ತೆರಡು ವರ್ಷದ ಬೊಮ್ಮನ ಪಾಲಿಗೆ. ಬೆಲ್ಟು ನೋಡಲಾರದವನು ನನ್ನ ದೋಣಿ ಹತ್ತಬಾರದು ಎಂದು ಬೀರಪ್ಪ ಮಗನನ್ನು ಕಡಲಿನಿಂದಲೇ ಇಳಿಸಿಬಿಟ್ಟ. ಆಮೇಲೆ ದೀಪಕ್ಕೆಂದು ಬೇರೆ ಜನರೇಟರ್ ತಂದ. ಹಾಗಾಗಿ ದಾಸನ ಕೆಲಸದ ಪರೀಕ್ಷೆ ಮತ್ತೆ ಆಗಲಿಲ್ಲ.

ಆದರೆ ಅನುಮಾನವೊಂದು ದಾಸನ ಒಳಗೆ ಉಳಿದುಕೊಂಡಿತು. ತಾನು ಹೋಗಿದ್ದರೆ ಕಾರಣ ಕಣ್ಣಾರೆ ಕಾಣುತ್ತಿತ್ತು. ಹೋಗದವನು ಹೇಳಿದ ಕಾರಣ ಅದು. ನಿಜವೋ ಸುಳ್ಳೋ, ಅವನಿಗೇ ತಿಳಿಯದು.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಅದೇ ಬೊಮ್ಮ ಒಂದು ಹಳೆಯ ಅಂಬಾಸಿಡರ್ ಓಡಿಸಿಕೊಂಡು ಅಂಗಡಿ ಮುಂದೆ ಬಂದು ನಿಂತ. ಅವನೀಗ ಮುರ್ಡೇಶ್ವರದಲ್ಲಿ ಲಾಡ್ಜು ನಡೆಸುವ ದಿನಕರ ನಾಯ್ಕರ ಡ್ರೈವರ್, ಮಲಗುವುದೂ ಅಲ್ಲಿಯೇ. ಕಾರು ನಾಯ್ಕರ ಅಪ್ಪನ ಕಾಲದ್ದು. ಒಳಗೆ ಹೊಸ ಕಾಲದ ಜೋರಿನ ಇಂಜಿನ್ ಕೂರಿಸಿ, ಎಸಿ, ದೊಡ್ಡ ಲೈಟು, ಎಳನೀರು ತಣ್ಣಗಿಡುವ ಪುಟ್ಟ ಫ್ರಿಜ್ಜು ಎಲ್ಲ ಹಾಕಿಸಿದ್ದರು. ಮದುವೆಯವರಿಗೆ ಈ ಕಾರೆಂದರೆ ಪ್ರಾಣ. ಆದರೆ ಹಳೆಯ ಆಲ್ಟರ್ನೇಟರಿಗೆ ಇಷ್ಟೆಲ್ಲ ಹೊರಲು ತ್ರಾಣವಿರಲಿಲ್ಲ, ಬ್ಯಾಟರಿ ಎಲ್ಲೆಂದರಲ್ಲಿ ಸಾಯುತ್ತಿತ್ತು. ಮುಂದಿನ ಭಾನುವಾರ ಕಾಗಾಲದಿಂದ ಮದುಮಗಳನ್ನು ಕರೆತರಬೇಕಿತ್ತು. ಅಷ್ಟರೊಳಗೆ ದೊಡ್ಡದೊಂದನ್ನು ಕೂರಿಸಿ ಕೊಡಬೇಕಂತೆ.

ದಾಸನಿಗೆ ಅವನ ಕೈಯತ್ತ ನೋಡಲು ಧೈರ್ಯವಾಗಲಿಲ್ಲ. ಬೇರೆ ಯಾರೂ ಸಿಗಲಿಲ್ಲವಾ ಎಂದು ಕೇಳಬೇಕೆನಿಸಿ ಸುಮ್ಮನಾದ. ಆಗ ಬೊಮ್ಮನೇ ಬಾಯಿಬಿಟ್ಟು, ಈ ಕರಾವಳಿಯಲ್ಲಿ ಇಂಥ ಕೆಲಸಕ್ಕೆ ನಿನ್ನ ಬಿಟ್ಟರೆ ಯಾರೂ ಇಲ್ಲವೆಂದು ನಾನೇ ಸಾಹುಕಾರರಿಗೆ ಹೇಳಿದೆ ಎಂದ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ದಾಸನಿಗೆ ಎಷ್ಟೋ ಹಗುರಾಗುತ್ತಿತ್ತು.

ಮೂರು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ದೊಡ್ಡ ಆಲ್ಟರ್ನೇಟರ್ ಹಳೆಯ ಜಾಗದಲ್ಲಿ ಕೂರಲಿಲ್ಲ. ಲೇತಿನವನ ಹತ್ತಿರ ದಪ್ಪ ಪಟ್ಟಿಯ ಹೊಸ ಬ್ರಾಕೆಟ್ ಮಾಡಿಸಿದ. ಇಂಥ ಹಳೆಯ ಕಾರಿನಲ್ಲಿ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಮುಳ್ಳಿನ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಇಷ್ಟು ಕರೆಂಟು ಹರಿದರೆ ಆ ಮೀಟರ್ ಕಾದು ಬೆಂಕಿಯೇ ಹತ್ತೀತು. ಅದನ್ನು ದಾಟಿಸಿ ಕಿರುಬೆರಳಿನಷ್ಟು ದಪ್ಪದ ವಯರನ್ನು ನೇರ ಬ್ಯಾಟರಿಗೆ ಎಳೆದ. ಕೊನೆಗೆ ಪುಲ್ಲಿ, ಅಂದರೆ ಬೆಲ್ಟು ಹಾಯುವ ಗಾಲಿ. ಆಲ್ಟರ್ನೇಟರಿನ ಮೂತಿಗೆ ಸಣ್ಣ ಗಾಲಿ ಹಾಕಿದರೆ ಅದು ಬೇಗ ತಿರುಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ದೊಡ್ಡದು ಹಾಕಿದರೆ ನಿಧಾನ ತಿರುಗಿ ಬಹುಕಾಲ ಬಾಳುತ್ತದೆ. ದೋಣಿಗಳಿಗೆ ಅವನು ಹಾಕುತ್ತಿದ್ದದ್ದು ದೊಡ್ಡದನ್ನೇ, ಬೀರಪ್ಪನ ದೋಣಿಗೂ ಅದನ್ನೇ ಹಾಕಿದ್ದ. ಇದಕ್ಕೂ ಅದನ್ನೇ ಹಾಕಿದ.

ಶುಕ್ರವಾರ ಮಧ್ಯಾಹ್ನ ಬೊಮ್ಮ ಕಾರಿನ ಬಾಗಿಲು ತೆಗೆದು ಹಿಡಿದು, ‘ಕಟ್ಟಿದವ ಬರ್ಬೇಕಲ್ಲ ದಾಸಣ್ಣ’ ಎಂದ. ಈ ಸಲ ಯಾವ ನೆವವೂ ಇರಲಿಲ್ಲ. ರಸ್ತೆಯ ಮೇಲೆ ದಾಸನಿಗೆ ತಲೆ ತಿರುಗುವುದಿಲ್ಲ. ಮೀಟರನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತ. ತನ್ನ ಕೆಲಸದ ಜೊತೆ ತಾನೇ ಹೋಗುವುದು ಅವನ ಜನ್ಮದಲ್ಲಿ ಮೊದಲ ಸಲ. ಮದುವೆಗೆ ಹೊರಟವನಷ್ಟು ಖುಷಿಯಾಗಿತ್ತು ಎಂದು ಆಮೇಲೆ ದುರ್ಗಿಯ ಹತ್ತಿರ ಹೇಳಿಕೊಂಡ.

ಹೋಗುವಾಗ ಎಲ್ಲ ಸೊಗಸಾಗಿತ್ತು. ಎಸಿ, ಲೈಟು, ಫ್ರಿಜ್ಜು ಎಲ್ಲ ಹಾಕಿದರೂ ಮೀಟರ್ ಹದಿನಾಲ್ಕು ವೋಲ್ಟಿನಿಂದ ಕದಲಲಿಲ್ಲ. ಕುಮಟೆ ದಾಟಿ ಕಾಗಾಲಕ್ಕೆ ಹೋಗಿ ಮದುಮಗಳ ಮನೆಯ ದಾರಿ ನೋಡಿಕೊಂಡು ತಿರುಗಿದರು. ಹೊನ್ನಾವರಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಶರಾವತಿ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು, ಗಾಡಿಗಳು ಸಾಲುಗಟ್ಟಿದ್ದವು. ಇಂಜಿನ್ ಬಂದ್ ಮಾಡದೆ, ಏನನ್ನೂ ಆರಿಸದೆ ಹಾಗೇ ಇರು, ಪರೀಕ್ಷೆಯಾಗಲಿ ಎಂದ ದಾಸ.

ಹತ್ತು ನಿಮಿಷವಾಗಿತ್ತು. ಮೀಟರ್ ಹನ್ನೆರಡೂವರೆಗೆ ಇಳಿಯಿತು. ಅರ್ಧ ಗಂಟೆಯಲ್ಲಿ ಹನ್ನೆರಡರ ಕೆಳಗೆ ಹೋಯಿತು, ಕರೆಂಟು ಸಾಲದೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದರ್ಥ. ಮುಂದಿನ ಬಸ್ಸಿನ ಬೆನ್ನ ಮೇಲೆ ಬಿದ್ದಿದ್ದ ಬಿಳಿ ಬೆಳಕು ಮೊದಲು ಹಳದಿಯಾಗಿ, ಆಮೇಲೆ ಕೆಂಪಗಾಯಿತು. ಬೊಮ್ಮ ಆಕ್ಸಿಲರೇಟರ್ ಒತ್ತಿದ. ಇಂಜಿನ್ ಜೋರಾಯಿತು, ಬೆಳಕು ಎದ್ದು ಬಂತು. ಕಾಲು ತೆಗೆದ. ಬೆಳಕು ಕೂತುಹೋಯಿತು. ಮತ್ತೊಂದು ಸಲ ಒತ್ತಿ ಬಿಟ್ಟ. ಮತ್ತೂ ಹಾಗೇ ಆಯಿತು.

‘ಅವತ್ತೂ ಹೀಂಗೇ ಆಗಿತ್ತು’ ಎಂದ ಬೊಮ್ಮ. ‘ಇಂಜಿನ್ ಸಣ್ಣ ಮಾಡಿದ್ಮೇಲೆ.’

‘ಬಲೆ ಎಳೂವಾಗ ಇಂಜಿನ್ ಸಣ್ಣ ಮಾಡ್ತ್ರಾ?’ ಎಂದು ದಾಸ ಕೇಳಿದ.

ಮೊಗೇರರ ಕೇರಿಯ ಐದು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ ಅದು. ಬಲೆ ದೋಣಿಯಡಿ ತಿರುಗುವ ಪಂಖಕ್ಕೆ ಸುತ್ತಿಕೊಳ್ಳಬಾರದೆಂದು ಇಂಜಿನ್ನನ್ನು ತೀರ ನಿಧಾನ ಮಾಡಿ, ಇದ್ದಬದ್ದ ದೀಪವನ್ನೆಲ್ಲ ಹಚ್ಚಿಕೊಂಡು, ಗಂಟೆಗಟ್ಟಲೆ ನಿಂತು ಎಳೆಯುತ್ತಾರೆ. ಹದಿನಾಲ್ಕರಲ್ಲಿ ಹೋದ ಎರಡು ದಿನ ಕಾರುವುದರಲ್ಲೇ ಕಳೆದಿದ್ದವು, ಆಮೇಲೆ ದಾಸ ದೋಣಿಗಳನ್ನು ನೋಡಿದ್ದು ಬಂದರಿನಿಂದ ಹೊರಡುವಾಗ, ಬಂದರಿಗೆ ಮರಳುವಾಗ. ಆಗೆಲ್ಲ ಇಂಜಿನ್ ಒಂದೇ ವೇಗದಲ್ಲಿ ಗುಡುಗುತ್ತಿರುತ್ತದೆ. ಕಡಲಲ್ಲಿ ಇಡೀ ದಿನ ಹಾಗೇ ಓಡುತ್ತದೆಂದು ಅವನು ಮೂವತ್ತು ವರ್ಷ ನಂಬಿಕೊಂಡಿದ್ದ. ಆ ಲೆಕ್ಕಕ್ಕೇ ದೊಡ್ಡ ಪುಲ್ಲಿ ಹಾಕಿದ್ದ. ಇಂಜಿನ್ ಸಣ್ಣ ಮಾಡಿದರೆ ಅದು ಸಾಕಷ್ಟು ಕರೆಂಟು ಹುಟ್ಟುವ ವೇಗದಲ್ಲಿ ತಿರುಗದು. ಉಳಿದ ದೋಣಿಗಳಲ್ಲಿ ದೀಪ ಕಡಿಮೆ, ಬ್ಯಾಟರಿ ಹೇಗೋ ದೂಡುತ್ತಿತ್ತು. ಬೀರಪ್ಪನ ದೋಣಿಯಲ್ಲಿ ದೂಡಲಿಲ್ಲ.

ಬೊಮ್ಮ ತಿರುಗಿ ಅವನ ಮುಖವನ್ನೇ ನೋಡುತ್ತಿದ್ದ.

‘ಬೆಲ್ಟು ಅಲ್ಲ ಬೊಮ್ಮ’ ಎಂದ ದಾಸ. ‘ಪುಲ್ಲಿ. ತಪ್ಪು ನಂದು.’

ಬೊಮ್ಮ ಕಿಟಕಿಯಾಚೆ ನೋಡುತ್ತ ಕುಳಿತ. ಬಯ್ಯಲಿಲ್ಲ. ಬಯ್ದಿದ್ದರೆ ದಾಸ ತಲೆಬಾಗಿ ಕೇಳಿಸಿಕೊಳ್ಳುತ್ತಿದ್ದ. ಮುಂದಿನ ಬಸ್ಸು ಕದಲಿತು. ಮೂರು ಬೆರಳಿನ ಎಡಗೈಯಿಂದ ಸ್ಟೀರಿಂಗಿನ ಕೆಳಗಿನ ಗೇರು ಹಾಕಿ ಬೊಮ್ಮ ಕಾರು ಬಿಟ್ಟ. ಸೇತುವೆ ದಾಟಿ, ಹೊಳೆಯಾಚೆಯ ಕಾಸರಕೋಡು ದಾಟಿದ ಮೇಲೆ ಒಂದೇ ಒಂದು ಮಾತು ಆಡಿದ.

‘ಅಪ್ಪಂಗೆ ಹೇಳು.’

ಮರುದಿನ ಬೆಳಿಗ್ಗೆ ದಾಸ ಅಂಗಡಿ ತೆರೆಯಲಿಲ್ಲ. ಪುಲ್ಲಿ ಬದಲಿಸುವುದು ಒಂದು ತಾಸಿನ ಕೆಲಸ, ಅದು ಆಮೇಲೂ ಆದೀತು. ಬೊಮ್ಮ ಕಾರಿನಲ್ಲೇ ಕರೆದೊಯ್ದು ಅಪ್ಪನ ಮನೆಯ ಅಂಗಳದ ಹೊರಗೆ ನಿಲ್ಲಿಸಿದ, ತಾನು ಇಳಿಯಲಿಲ್ಲ. ಹಬ್ಬಕ್ಕೆ ಬಂದರೂ ಅವನು ಜಗಲಿಯಲ್ಲಿ ಕೂತು ಎದ್ದು ಹೋಗುವವನು. ಅಪ್ಪ ಮಗ ಎದುರುಬದುರು ಊಟಕ್ಕೆ ಕೂತು ಹದಿಮೂರು ವರ್ಷವಾಗಿತ್ತು.

ಬೀರಪ್ಪನಿಗೆ ಎಪ್ಪತ್ತು ದಾಟಿದೆ. ಜಗಲಿಯ ಮೇಲೆ ಚಾ ಕುಡಿಯುತ್ತಿದ್ದ. ದಾಸ ಕುಳಿತುಕೊಳ್ಳದೆ ನಿಂತೇ ಎಲ್ಲ ಹೇಳಿದ. ಪುಲ್ಲಿಯ ಲೆಕ್ಕ ಹೇಳಿದ, ಹೊಸ ಬೆಲ್ಟು ಹಿಗ್ಗುವುದು ತನಗೆ ಆಗಲೂ ಗೊತ್ತಿತ್ತೆಂದು ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು, ತಡೆಯಲು ನೋಡಲಿಲ್ಲ. ಈಗ ಮುದುಕ ತನ್ನ ಮೇಲೆ ಏರಿ ಬರುತ್ತಾನೆ, ಬರಲಿ ಎಂದುಕೊಂಡಿದ್ದ.

ಬೀರಪ್ಪ ಲೋಟ ಕೆಳಗಿಟ್ಟ.

‘ಅವತ್ತು ಹೊರಡೂ ಮೊದ್ಲು ಅವ ಬೆಲ್ಟು ಬಿಗಿ ಮಾಡೂವಾಗ ಟಾರ್ಚು ಹಿಡ್ದು ನಿಂತವ ನಾನೇ ದಾಸ’ ಎಂದ. ‘ನನ್ನ ಕಣ್ಣಾರೆ ಕಂಡಿದ್ದೆ. ನೀ ಸಡಿಲ ಅಂದೆ. ಕಲ್ತವ ಹೇಳೂದು ಸುಳ್ಳಾತದಾ ಅಂದ್ಕಂಡು ನನ್ನ ಕಣ್ಣನ್ನೇ ನಂಬ್ಲಿಲ್ಲ.’

ಅಂಗಳದಾಚೆ ಕಾರು ಕಾಣುತ್ತಿತ್ತು. ಬೊಮ್ಮ ಸ್ಟೀರಿಂಗಿನ ಮೇಲೆ ಕೈಯಿಟ್ಟು ಮುಂದಕ್ಕೆ ನೋಡುತ್ತ ಕುಳಿತಿದ್ದ. ಬೀರಪ್ಪ ಅತ್ತ ನೋಡಿದ.

‘ನೀನೇ ಕರಿ’ ಎಂದ. ‘ನಂಗೆ ಅವನ ಕರ್ಯೂಕೆ ಮುಖ ಇಲ್ಲ.’

ದಾಸ ಕಣ್ಣೊರೆಸಿಕೊಂಡು ಅಂಗಳಕ್ಕೆ ಇಳಿದ.